ಕೆಳಗಿನ ಸ್ವರದ ಕೆಲಸ: ಹವ್ಯಾಸಿ ಬೇಸ್ ವಾದಕನ ಪಾಠಗಳು

ವಾರವೆಲ್ಲ ಕಚೇರಿ, ಶನಿವಾರ ಸಂಜೆ ತಂಡದ ಅಭ್ಯಾಸ, ಗಣೇಶ ಚೌತಿಯಿಂದ ಕನ್ನಡ ರಾಜ್ಯೋತ್ಸವದ ತನಕ ಬೆಂಗಳೂರಿನ ಬಡಾವಣೆಗಳಲ್ಲಿ ರಸಮಂಜರಿ. ನಮ್ಮ ತಂಡದಲ್ಲಿ ಸಂಗೀತದಿಂದಲೇ ಹೊಟ್ಟೆ ಹೊರೆಯುವವರು ಯಾರೂ ಇಲ್ಲ. ನನ್ನ ಪಾಲಿಗೆ ಬಂದಿರುವುದು ನಾಲ್ಕು ತಂತಿಯ ಬೇಸ್ ಗಿಟಾರ್. ದುಡಿಮೆಯ ನಡುವೆ ಸಂಗೀತಕ್ಕೆ ಸ್ವಲ್ಪವೇ ಹೊತ್ತು ಉಳಿಯುವವರಿಗೆ ಇದಕ್ಕಿಂತ ಒಳ್ಳೆಯ ವಾದ್ಯ ಇನ್ನೊಂದಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ಇದು ಬೆರಳಿನ ವೇಗಕ್ಕಿಂತ ಕಿವಿಯ ಗಮನವನ್ನು ಹೆಚ್ಚು ಕೇಳುತ್ತದೆ. ಗಮನವನ್ನು ಯಾವ ವಯಸ್ಸಿನಲ್ಲೂ ಬೆಳೆಸಿಕೊಳ್ಳಬಹುದು. ಹಾಗೆ ಬೆಳೆಸಿಕೊಳ್ಳುತ್ತ ಕಲಿತ ಕೆಲವು ಪಾಠಗಳು ಇಲ್ಲಿವೆ.

1. ಸ್ವರ ಹಿಡಿಯುವುದು ಅರ್ಧ ಕೆಲಸ, ಬಿಡುವುದು ಇನ್ನರ್ಧ

ಬೇಸ್‌ನ ತಂತಿ ದಪ್ಪ. ಒಮ್ಮೆ ಮೀಟಿದರೆ ತಾನಾಗಿ ಅಡಗಲು ಬಹಳ ಹೊತ್ತು ಬೇಕು. ಹಾಗೇ ಬಿಟ್ಟರೆ ಒಂದು ಸ್ವರದ ಬಾಲ ಮುಂದಿನ ಸ್ವರದ ಮೇಲೆ ಬಿದ್ದು ಎಲ್ಲ ಕಲಸಿಹೋಗುತ್ತದೆ. ಹಾಡು ಯಾಕೋ ಸ್ಪಷ್ಟವಾಗಿಲ್ಲ ಎಂದು ಕೇಳುವವರಿಗೆ ಅನ್ನಿಸುತ್ತದೆ, ಕಾರಣ ಮಾತ್ರ ಹೊಳೆಯುವುದಿಲ್ಲ.

ನಾಲ್ಕು ಮಾತ್ರೆಯ ಸಾಮಾನ್ಯ ನಡೆಯನ್ನೇ ತೆಗೆದುಕೊಳ್ಳಿ. ಒಂದನೇ ಮಾತ್ರೆಗೆ ಷಡ್ಜ ಮೀಟಿದಿರಿ. ಎರಡನೇ ಮಾತ್ರೆಗೆ ಸ್ನೇರ್ ಡ್ರಮ್ ಬೀಳುತ್ತದೆ. ಆ ಕ್ಷಣಕ್ಕೆ ಸರಿಯಾಗಿ ಸ್ವರ ನಿಲ್ಲಿಸಿದರೆ ಸ್ನೇರ್ ಏಟು ದೊಡ್ಡದಾಗಿ ಕೇಳುತ್ತದೆ, ಹಾಡಿಗೆ ಓಟ ಬರುತ್ತದೆ. ಅದೇ ಸ್ವರವನ್ನು ಸ್ನೇರ್ ದಾಟಿಸಿ ಮೂರನೇ ಮಾತ್ರೆಯವರೆಗೆ ಎಳೆದರೆ ಹಾಡು ನಿಧಾನಿಸಿ ಒರಗಿ ಕೂರುತ್ತದೆ, ತಾಳದ ವೇಗ ಒಂದಿಷ್ಟೂ ಬದಲಾಗದಿದ್ದರೂ. ಕುಣಿತದ ಹಾಡಿಗೆ ಮೊದಲನೆಯದು ಸರಿ, ಲಾಲಿಗೆ ಎರಡನೆಯದು. ಮೀಟಿದ ಸ್ವರ ಎರಡರಲ್ಲೂ ಒಂದೇ.

ಇದಕ್ಕೆ ಕೈ ಹೀಗಿರಬೇಕು. ಎಡಗೈ ಬೆರಳನ್ನು ತಂತಿಯಿಂದ ಪೂರ್ತಿ ಎತ್ತಬಾರದು. ಒತ್ತಿದ ಬಲವನ್ನು ಮಾತ್ರ ಸಡಿಲಿಸಿ ಬೆರಳನ್ನು ತಂತಿಗೆ ತಾಗಿಸಿಕೊಂಡೇ ಇರಬೇಕು, ಆಗ ಸ್ವರ ಸದ್ದಿಲ್ಲದೆ ನಿಲ್ಲುತ್ತದೆ. ಬಲಗೈ ಹೆಬ್ಬೆರಳು ನುಡಿಸದಿರುವ ದಪ್ಪ ತಂತಿಗಳ ಮೇಲೆ ಒರಗಿರಬೇಕು, ಇಲ್ಲದಿದ್ದರೆ ನೀವು ಮುಟ್ಟದ ತಂತಿಯೂ ಜೊತೆಗೆ ಮಿಡಿಯುತ್ತದೆ. ಹಳೆಯ ಹಾಡುಗಳ ಗುಂಡಗಿನ, ಗಿಡ್ಡ ಸ್ವರ ಬೇಕೆಂದರೆ ಬ್ರಿಡ್ಜ್ ಪಕ್ಕದಲ್ಲಿ ತಂತಿಗಳ ಕೆಳಗೆ ಸ್ಪಾಂಜ್ ತುಂಡೊಂದನ್ನು ಸಿಕ್ಕಿಸಿ. ಪಾತ್ರೆ ತೊಳೆಯುವ ಹೊಸ ಸ್ಪಾಂಜ್ ಸಾಕು. ಫೆಂಡರ್ ಕಂಪನಿಯ ಹಳೆಯ ಬೇಸ್‌ಗಳಲ್ಲಿ ಬ್ರಿಡ್ಜ್ ಮುಚ್ಚಳದ ಒಳಗೇ ಇಂಥ ಸ್ಪಾಂಜ್ ಇರುತ್ತಿತ್ತು.

2. ಕೆಳಸ್ಥಾಯಿಯಲ್ಲಿ ನಿಮ್ಮ ಜೊತೆಗಾರರು ಯಾರೆಂದು ಮೊದಲು ನೋಡಿ

ಹೊರದೇಶದ ಬೇಸ್ ಪುಸ್ತಕಗಳೆಲ್ಲ ಕಿಕ್ ಡ್ರಮ್ ಜೊತೆ ಕೂಡಿ ನುಡಿಸಿ ಎನ್ನುತ್ತವೆ. ನಮ್ಮ ಎಷ್ಟೋ ವೇದಿಕೆಗಳಲ್ಲಿ ಡ್ರಮ್ ಸೆಟ್ಟೇ ಇರುವುದಿಲ್ಲ. ಚಿತ್ರಗೀತೆಗೆ ರಿದಂ ಪ್ಯಾಡ್, ಭಾವಗೀತೆಗೆ ತಬಲಾ, ದೇವರನಾಮಕ್ಕೆ ಮೃದಂಗ, ಜನಪದಕ್ಕೆ ಡೊಳ್ಳು, ತಮಟೆ. ಹಾಡು ಬದಲಾದಂತೆ ಜೊತೆಗಾರರೂ ಬದಲಾಗುತ್ತಾರೆ. ನುಡಿಸುವ ರೀತಿಯೂ ಬದಲಾಗಬೇಕು.

ಪ್ಯಾಡ್‌ನವರ ಜೊತೆ ಸುಲಭ, ಅವರ ಕಿಕ್ ಗಿಡ್ಡ ಮತ್ತು ಖಚಿತ. ತಬಲಾ ಜೊತೆ ಕಿವಿಗೆ ಹೆಚ್ಚು ಕೆಲಸ. ಎಂಟು ಮಾತ್ರೆಯ ಕೆಹರ್ವಾದ ಸಾಮಾನ್ಯ ಠೇಕಾ ನೋಡಿ: ಧಾ ಗೆ ನ ತಿ ನ ಕ ಧಿ ನ. ತಬಲಾ ಜೋಡಿಯ ಎಡಗೈ ವಾದ್ಯವಾದ ಡಗ್ಗಾ ತೆರೆದು ನುಡಿಯುವುದು 1, 2 ಮತ್ತು 7ನೇ ಮಾತ್ರೆಗಳಲ್ಲಿ. ನಡುವಿನ ನಾಲ್ಕು ಮಾತ್ರೆಗಳಲ್ಲಿ ಕೆಳಸ್ಥಾಯಿ ಬರಿದಾಗಿರುತ್ತದೆ. ಬೇಸ್ ಒಂದಕ್ಕೆ ಡಗ್ಗಾ ಜೊತೆ ಸೇರಿ, ಐದಕ್ಕೆ ಇನ್ನೊಂದು ಸ್ವರ ಇಟ್ಟರೆ ಸಾಕು, ಹಾಡು ಎದ್ದು ನಿಲ್ಲುತ್ತದೆ. ಏಳನೇ ಮಾತ್ರೆಯನ್ನು ತಬಲಾದವರಿಗೆ ಬಿಟ್ಟುಕೊಡಿ. ಅಲ್ಲಿ ಅವರು ಅಂಗೈ ಬುಡವನ್ನು ಒತ್ತಿ ಸರಿಸಿ ಡಗ್ಗಾದ ನಾದವನ್ನು ಮೇಲಕ್ಕೆಳೆಯುತ್ತಾರೆ. ಆ ಎಳೆತದ ಮೇಲೆ ಬೇಸ್‌ನ ಉದ್ದ ಸ್ವರ ಕೂತರೆ ಎರಡೂ ಕೆಡುತ್ತವೆ.

ಮೃದಂಗದ ಎಡಮುಖಕ್ಕೆ ರವೆ ಕಲಸಿ ಮೆತ್ತುವುದೇ ನಾದ ತಗ್ಗಿ ತುಂಬಿಕೊಳ್ಳಲಿ ಎಂದು. ಅಷ್ಟು ಶ್ರಮದಿಂದ ಹದ ಮಾಡಿದ ನಾದದ ಮೇಲೆ ನಾವು ಹೇರಿಕೊಳ್ಳಬಾರದು. ಡೊಳ್ಳು ಇದ್ದರಂತೂ ಆವರ್ತಕ್ಕೊಂದು ಉದ್ದ ಸ್ವರ ಇಟ್ಟು ಕೈ ಕಟ್ಟಿಕೊಂಡಿರುವುದೇ ಉತ್ತಮ. ಅಲ್ಲಿ ಕೆಳಸ್ಥಾಯಿ ಈಗಾಗಲೇ ತುಂಬಿದೆ.

3. ಕೀಬೋರ್ಡ್‌ನವರ ಎಡಗೈಯನ್ನು ಮೊದಲೇ ಮಾತಾಡಿಸಿ

ಸಣ್ಣ ತಂಡಗಳಲ್ಲಿ ಬೇಸ್ ಗಿಟಾರ್ ಇರುವುದು ಅಪರೂಪ. ಕೀಬೋರ್ಡ್ ನುಡಿಸುವವರೇ ಎಡಗೈಯಲ್ಲಿ ಆ ಕೆಲಸವನ್ನೂ ಮಾಡಿಕೊಂಡು ಬಂದಿರುತ್ತಾರೆ. ಬೇಸ್ ನುಡಿಸುವವರು ಸೇರಿಕೊಂಡ ಮೇಲೂ ಆ ಎಡಗೈ ತನ್ನ ಪಾಡಿಗೆ ನಡೆಯುತ್ತಲೇ ಇರುತ್ತದೆ. ಇಬ್ಬರೂ ಒಂದೇ ಸ್ವರ ನುಡಿಸಿದರೂ ಕೂದಲೆಳೆಯಷ್ಟು ಹಿಂದುಮುಂದಾದರೆ ಸಾಕು, ತಳ ಮಸುಕಾಗುತ್ತದೆ. ಬೇರೆ ಬೇರೆ ಸ್ವರ ನುಡಿಸಿದರಂತೂ ಶ್ರುತಿಯೇ ಕೆಟ್ಟಂತೆ ಕೇಳುತ್ತದೆ.

ಅಭ್ಯಾಸದ ಮೊದಲ ದಿನವೇ ಕೇಳಿಬಿಡಿ: “ಸರ್, ಈ ಹಾಡಿಗೆ ಕೆಳಗಿನದು ನಾನು ನೋಡಿಕೊಳ್ಳಲಾ?” ಇಂಥ ಮಾತನ್ನು ಬೇಡವೆಂದವರು ನನಗೆ ಸಿಕ್ಕಿಲ್ಲ. ಎಡಗೈ ಬಿಡುವಾದರೆ ಅವರಿಗೆ ಸ್ಟ್ರಿಂಗ್ಸ್ ತುಂಬಲು, ಟೋನ್ ಬದಲಿಸಲು ಅವಕಾಶ ಸಿಗುತ್ತದೆ, ತಂಡದ ಧ್ವನಿ ದೊಡ್ಡದಾಗುತ್ತದೆ.

4. ಹಾಡುವವರ ಶ್ರುತಿಯೇ ಅಂತಿಮ

“ಇವತ್ತು ಗಂಟಲು ಸರಿಯಿಲ್ಲ, ಒಂದು ಮನೆ ಇಳಿಸಿಕೊಳ್ಳೋಣ್ವಾ?” ಎಂದು ಗಾಯಕಿ ವೇದಿಕೆ ಹತ್ತುವ ಹೊತ್ತಿಗೆ ಕೇಳುತ್ತಾರೆ. ಬೇಸ್ ನುಡಿಸುವವರು ಒಡನೆ “ಆಗಲಿ ಮೇಡಂ” ಎನ್ನುವ ಹಾಗಿರಬೇಕು. ವಾದ್ಯದ ರಚನೆಯೇ ಅದಕ್ಕೆ ಅನುಕೂಲ. ನಾಲ್ಕು ತಂತಿಗಳೂ ಸಮಾನ ಅಂತರದಲ್ಲಿ ಶ್ರುತಿಯಾಗಿರುತ್ತವೆ: ಇ, ಎ, ಡಿ, ಜಿ. ಒಂದು ಸ್ವರ ಷಡ್ಜವಾದರೆ ಪಂಚಮ ಮುಂದಿನ ತೆಳು ತಂತಿಯಲ್ಲಿ ಎರಡು ಫ್ರೆಟ್ ಮೇಲೆ, ಮಂದ್ರ ಪಂಚಮ ಹಿಂದಿನ ದಪ್ಪ ತಂತಿಯಲ್ಲಿ ಅದೇ ಫ್ರೆಟ್‌ನಲ್ಲಿ, ಮೇಲಿನ ಷಡ್ಜ ಎರಡು ತಂತಿ ದಾಟಿ ಎರಡು ಫ್ರೆಟ್ ಮೇಲೆ. ಎಲ್ಲಿ ಹಿಡಿದರೂ ಇದೇ ಲೆಕ್ಕ. ಕೈಯನ್ನು ಎರಡು ಫ್ರೆಟ್ ಹಿಂದಕ್ಕೆ ಸರಿಸಿದರೆ ಇಡೀ ಹಾಡು ಒಂದು ಮನೆ ಇಳಿಯುತ್ತದೆ.

ಒಂದೇ ಷರತ್ತು, ಹಾಡನ್ನು ತೆರೆದ ತಂತಿಗಳ ಮೇಲೆ ಕಲಿತಿರಬಾರದು. ತೆರೆದ ತಂತಿ ಸರಿಸಿದ ಕೈ ಜೊತೆ ಬರುವುದಿಲ್ಲ. ಪ್ರತಿ ಹಾಡನ್ನೂ ಮೊದಲಿಂದಲೇ ಒತ್ತಿ ಹಿಡಿಯುವ ಸ್ವರಗಳಲ್ಲಿ ಕಟ್ಟಿಕೊಳ್ಳಿ.

5. ಮೇಲಿನವರ ಸ್ವರಕ್ಕೆ ಅರ್ಥ ಕೊಡುವುದು ಕೆಳಗಿನ ಸ್ವರ

ಕೀಬೋರ್ಡ್‌ನವರು ಸ, ಗ, ಪ ಮೂರನ್ನೂ ಒಟ್ಟಿಗೆ ಹಿಡಿದಿದ್ದಾರೆ. ಕೆಳಗೆ ನೀವು ಷಡ್ಜ ಇಟ್ಟರೆ ನಿರಾಳ, ಸಂತೋಷ. ಅವರ ಕೈ ಕದಲದೆ ಇರುವಾಗಲೇ ನೀವು ಷಡ್ಜ ಬಿಟ್ಟು ಕೆಳಗಿನ ಧೈವತಕ್ಕೆ ಇಳಿದರೆ ಅದೇ ಮೂರು ಸ್ವರಗಳಲ್ಲಿ ವಿಷಾದ ಸುಳಿಯುತ್ತದೆ. ಹಾಡಿನ ಭಾವವನ್ನು ತಿರುಗಿಸುವ ಇಷ್ಟು ದೊಡ್ಡ ಅಧಿಕಾರ ಒಂದೇ ಬೆರಳಿನಲ್ಲಿದೆ. ಆದ್ದರಿಂದ ಸ್ವರ ಬದಲಿಸುವ ಮೊದಲು ಸಾಹಿತ್ಯ ಏನು ಹೇಳುತ್ತಿದೆ ಎಂದು ಕೇಳಿ.

ರಾಗದಲ್ಲಿ ಕಟ್ಟಿದ ಹಾಡಿಗೆ ಇನ್ನೂ ಎಚ್ಚರ ಬೇಕು. ಗಣೇಶೋತ್ಸವದ ಮೊದಲ ಹಾಡಿಗೆ ಹಂಸಧ್ವನಿ ಒಗ್ಗಿಬಂದ ರಾಗ, ಮುತ್ತುಸ್ವಾಮಿ ದೀಕ್ಷಿತರ ‘ವಾತಾಪಿ ಗಣಪತಿಂ’ ಇರುವುದೂ ಅದರಲ್ಲೇ. ಹಂಸಧ್ವನಿಯಲ್ಲಿ ಮಧ್ಯಮವೂ ಇಲ್ಲ, ಧೈವತವೂ ಇಲ್ಲ. ಕಾರ್ಡ್ ಪುಸ್ತಕ ನಂಬಿ ಕೆಳಗೆ ಮಧ್ಯಮ ಇಟ್ಟಿರೋ, ಮೇಲೆ ಹಾಡುವವರು ಎಷ್ಟೇ ಶುದ್ಧವಾಗಿ ಹಾಡಿದರೂ ರಾಗ ಕಣ್ಮರೆಯಾಗುತ್ತದೆ. ಅಲ್ಲಿ ಸ, ರಿ, ಗ, ಪ, ನಿಗಳ ಒಳಗೇ ಓಡಾಡಿ. ಸಂಶಯ ಬಂದಾಗ ಷಡ್ಜದಲ್ಲಿ ನಿಲ್ಲಿ. ತಂಬೂರಿ ಕೇಳಿ ಬೆಳೆದ ನಮ್ಮ ಕಿವಿಗೆ ನಿಂತ ಷಡ್ಜ ಎಂದೂ ತಪ್ಪಾಗಿ ಕೇಳುವುದಿಲ್ಲ.

6. ನಮ್ಮ ಚಿತ್ರಗೀತೆಗಳೇ ಒಳ್ಳೆಯ ಪಾಠಶಾಲೆ

ಬೇಸ್ ಕಲಿಯಲು ಇಂಗ್ಲಿಷ್ ರಾಕ್ ಹಾಡುಗಳಿಂದಲೇ ಶುರುಮಾಡಬೇಕೆಂಬ ನಂಬಿಕೆ ಇದೆ. ಅವುಗಳಿಂದ ಕಲಿಯುವುದು ಬಹಳವಿದೆ, ನಿಜ. ಆದರೆ ಕನ್ನಡಿಗರಿಗೆ ಕೈಗೆಟಕುವಷ್ಟು ಹತ್ತಿರದಲ್ಲೇ ದೊಡ್ಡ ಗುರುಗಳಿದ್ದಾರೆ. ಇಳಯರಾಜಾ ತಮ್ಮ ಮೊದಲ ದಿನಗಳಲ್ಲಿ ಜಿ.ಕೆ. ವೆಂಕಟೇಶ್ ಅವರ ಸಹಾಯಕರಾಗಿ ಅನೇಕ ಕನ್ನಡ ಚಿತ್ರಗಳಿಗೆ ದುಡಿದವರು. ಮುಂದೆ ಶಂಕರ್‌ನಾಗ್ ನಿರ್ದೇಶನದ ‘ಗೀತಾ’ (1981), ಮಣಿರತ್ನಂ ಅವರ ಮೊದಲ ಚಿತ್ರ ‘ಪಲ್ಲವಿ ಅನುಪಲ್ಲವಿ’ (1983) ಎರಡಕ್ಕೂ ಸಂಗೀತ ಕೊಟ್ಟವರು. ಪ್ರತಿ ವಾದ್ಯ ಏನು ನುಡಿಸಬೇಕೆಂಬುದನ್ನು ಸ್ಟಾಫ್ ನೊಟೇಶನ್‌ನಲ್ಲಿ ತಾವೇ ಬರೆದುಕೊಡುವುದು ಅವರ ಪದ್ಧತಿ.

ಈ ಎರಡು ಚಿತ್ರಗಳ ಹಾಡುಗಳನ್ನು ಹೆಡ್‌ಫೋನ್ ಹಾಕಿಕೊಂಡು ಬೇಸ್ ಒಂದನ್ನೇ ಹಿಂಬಾಲಿಸುತ್ತ ಕೇಳಿ. ಬೇಸ್ ತನ್ನದೇ ಒಂದು ಮಟ್ಟನ್ನು ಕೆಳಗೆ ಹಾಡಿಕೊಳ್ಳುತ್ತಿರುತ್ತದೆ. ಗಾಯಕರು ಸ್ವರ ಹಿಡಿದು ನಿಂತಲ್ಲಿ ಅದು ನಡೆಯುತ್ತದೆ, ಗಾಯಕರು ನಡೆದಲ್ಲಿ ನಿಲ್ಲುತ್ತದೆ. ಒಂದು ಚರಣದ ಬೇಸ್ ಅನ್ನು ಮೊದಲು ಬಾಯಲ್ಲಿ ಹಾಡಿ, ಆಮೇಲೆ ವಾದ್ಯ ಎತ್ತಿಕೊಳ್ಳಿ. ಬಾಯಿಗೆ ಬಂದದ್ದು ಕೈಗೆ ಬರುತ್ತದೆ. ಬಾಯಿಗೆ ಬಾರದೆ ಕೈಗೆ ಬಂದದ್ದು ವೇದಿಕೆಯಲ್ಲಿ ನೆಚ್ಚಿಕೊಳ್ಳುವಂಥದ್ದಲ್ಲ.

7. ಮೆಟ್ರೊನೋಮ್ ನಿಧಾನಕ್ಕಿಡಿ, ವಿರಳವಾಗಿಡಿ

ವೇಗವಾಗಿ ನುಡಿಸುವುದಕ್ಕಿಂತ ನಿಧಾನವಾಗಿ ನುಡಿಸುವುದು ಕಷ್ಟ. ನಿಮಿಷಕ್ಕೆ 60ರ ಲಯದಲ್ಲಿ ಒಂದು ಮಾತ್ರೆ ಎಂದರೆ ಪೂರ್ತಿ ಒಂದು ಸೆಕೆಂಡ್. ಆ ಸೆಕೆಂಡ್‌ನ ನಡುವೆ ಮನಸ್ಸು ಓಡಲು ನೋಡುತ್ತದೆ. ಮೊದಲು ನಾಲ್ಕು ಮಾತ್ರೆಗೂ ಕ್ಲಿಕ್ ಇಟ್ಟು ನುಡಿಸಿ. ನಂತರ ಎರಡು ಮತ್ತು ನಾಲ್ಕಕ್ಕೆ ಮಾತ್ರ. ಕೊನೆಗೆ ಆವರ್ತಕ್ಕೆ ಒಂದೇ ಕ್ಲಿಕ್. ಆ ಒಂದು ಕ್ಲಿಕ್‌ಗೆ ಪ್ರತಿ ಸಲ ಸರಿಯಾಗಿ ಬಂದು ಸೇರಿದರೆ ಲಯ ನಿಮ್ಮೊಳಗೆ ಕೂತಿದೆ ಎಂದರ್ಥ. ಆದಿತಾಳ ಹಾಕಿಕೊಂಡು ಸರಳೆ ವರಸೆ ಹಾಡಿದವರಿಗೆ ಈ ಸಾಧನೆ ಬೇಗ ಒಲಿಯುತ್ತದೆ, ಬಾಲ್ಯದ ಸಂಗೀತ ಪಾಠ ಇಲ್ಲಿ ಪೂರ್ತಿ ಉಪಯೋಗಕ್ಕೆ ಬರುತ್ತದೆ.

8. ಮಿಡ್ ತಗ್ಗಿಸಬೇಡಿ, ಹಮ್ ಅಲಕ್ಷಿಸಬೇಡಿ

ಬೇಸ್‌ನ ಅತಿ ದಪ್ಪ ತಂತಿಯ ಕಂಪನ ಸೆಕೆಂಡಿಗೆ ಸುಮಾರು 41. ಫೋನಿನ ಸ್ಪೀಕರ್‌ಗಂತೂ ಅದನ್ನು ಹೊರಡಿಸಲು ಆಗುವುದಿಲ್ಲ, ಪೆಂಡಾಲಿನ ಸಣ್ಣ ಬಾಕ್ಸ್‌ಗಳಿಗೂ ಕಷ್ಟ. ಆದರೂ ನಮಗೆ ಸ್ವರ ಕೇಳುತ್ತದೆ, ಏಕೆಂದರೆ 82, 123ರ ಮೇಲಿನ ಕಂಪನಗಳು ಕಿವಿಗೆ ತಲುಪಿ, ತಳದ ಸ್ವರವನ್ನು ಮಿದುಳು ತುಂಬಿಕೊಳ್ಳುತ್ತದೆ. ಆಂಪ್‌ನಲ್ಲಿ ಬೇಸ್ ಪೂರ್ತಿ ಏರಿಸಿ ಮಿಡ್, ಟ್ರೆಬಲ್ ಇಳಿಸಿಬಿಟ್ಟರೆ ಆ ಮೇಲಿನ ಕಂಪನಗಳೇ ಹೋಗುತ್ತವೆ. ಆಗ ವೇದಿಕೆ ಅದುರುತ್ತದೆ, ಮುಂದೆ ಕೂತವರಿಗೆ ಸ್ವರ ಮಾತ್ರ ಕೇಳುವುದಿಲ್ಲ.

ಇನ್ನೊಂದು ಕಾಟ ಹಮ್. ನಮ್ಮ ವಿದ್ಯುತ್ತಿನ ಆವರ್ತನ 50 ಹರ್ಟ್ಸ್. ದಪ್ಪ ತಂತಿಯ ಮೂರನೇ ಫ್ರೆಟ್‌ನ ಜಿ ಸ್ವರ 49 ಹರ್ಟ್ಸ್. ಅರ್ಥಿಂಗ್ ಸರಿಯಿಲ್ಲದ ಕಡೆ ಹುಟ್ಟುವ ಗುಂಯ್‌ಗುಡುವಿಕೆ ನೇರವಾಗಿ ನಮ್ಮ ಸ್ವರಗಳ ನಡುವೆಯೇ ಬಂದು ಕೂರುತ್ತದೆ. ಎರಡು ಸಿಂಗಲ್ ಕಾಯಿಲ್ ಪಿಕಪ್ ಇರುವ ಜಾಝ್ ಬೇಸ್ ಮಾದರಿಯಲ್ಲಿ ಎರಡೂ ವಾಲ್ಯೂಮ್ ಸಮನಾಗಿಟ್ಟರೆ ಸಾಮಾನ್ಯವಾಗಿ ಹಮ್ ಅಡಗುತ್ತದೆ. ವಾದ್ಯಕ್ಕೂ ಮಿಕ್ಸರ್‌ಗೂ ನಡುವೆ ಜೋಡಿಸುವ ಡಿಐ ಬಾಕ್ಸ್ ಒಂದನ್ನು ಸ್ವಂತಕ್ಕೆ ಇಟ್ಟುಕೊಳ್ಳಿ, ಅದರ ಗ್ರೌಂಡ್ ಲಿಫ್ಟ್ ಗುಂಡಿ ಎಷ್ಟೋ ಕಾರ್ಯಕ್ರಮಗಳನ್ನು ಉಳಿಸುತ್ತದೆ. ಪ್ಲಗ್‌ನ ಅರ್ಥ್ ಪಿನ್ ಕಿತ್ತು ಹಮ್ ನಿಲ್ಲಿಸುವ ಅಭ್ಯಾಸ ಕೆಲವೆಡೆ ಇದೆ. ಅದು ಜೀವಕ್ಕೆ ಅಪಾಯ, ಯಾರು ಹೇಳಿದರೂ ಒಪ್ಪಬೇಡಿ.

ಸೌಂಡ್‌ನವರ ಜೊತೆ ವಿಶ್ವಾಸವೂ ಉಪಕರಣದಷ್ಟೇ ಮುಖ್ಯ. ಬೇಗ ಹೋಗಿ, ಅವರು ತಂತಿ ಎಳೆಯುವಾಗ ಕೈ ಜೋಡಿಸಿ, “ಅಣ್ಣಾ, ಮಾನಿಟರ್‌ಗೆ ಕಿಕ್ ಸ್ವಲ್ಪ ಜಾಸ್ತಿ ಕೊಡಿ” ಎಂದು ಕೇಳಿ. ನಿಮ್ಮ ವಾದ್ಯವನ್ನಲ್ಲ, ಜೊತೆಗಾರರ ಕಿಕ್ ಅನ್ನು ಕೇಳಿ. ಅದು ಕೇಳಿಸಿದರೆ ನಿಮ್ಮ ಕೈ ತಾನೇ ಜಾಗಕ್ಕೆ ಬೀಳುತ್ತದೆ.

9. ಅಪಾರ್ಟ್‌ಮೆಂಟಿನಲ್ಲಿ ಹೆಡ್‌ಫೋನೇ ಧರ್ಮ

ತಗ್ಗಿದ ಸ್ವರಗಳು ಗೋಡೆ, ನೆಲ ದಾಟಿ ಹೋಗುತ್ತವೆ. ಆಂಪ್ ಅನ್ನು ನೆಲದ ಮೇಲಿಟ್ಟರೆ ನಿಮಗೆ ಮೆಲ್ಲಗೆ ಕೇಳುವ ಸ್ವರ ಕೆಳಮನೆಯವರ ಮಂಚವನ್ನು ಮುಟ್ಟುತ್ತದೆ. ರಾತ್ರಿ ಅಭ್ಯಾಸಕ್ಕೆ ಹೆಡ್‌ಫೋನ್ ಬಳಸಿ. ಅದೂ ಇಲ್ಲದಿದ್ದರೆ ವಿದ್ಯುತ್ ಇಲ್ಲದೆ ನುಡಿಸುತ್ತ ಗಲ್ಲವನ್ನು ಬೇಸ್‌ನ ಮೇಲಿನ ಕೊಂಬಿಗೆ ಒತ್ತಿ ಹಿಡಿಯಿರಿ. ಮರದ ಕಂಪನ ದವಡೆಯ ಎಲುಬಿನ ಮೂಲಕ ಕಿವಿಗೆ ಬಂದು ಸ್ವರ ತುಂಬಿ ಕೇಳುತ್ತದೆ. ವಾದ್ಯದ ತಲೆಯನ್ನು ಮರದ ಬೀರುವಿಗೆ ತಾಗಿಸಿದರೆ ಬೀರುವೇ ಸದ್ದು ಹೆಚ್ಚಿಸುತ್ತದೆ.

10. ಮರ, ತಂತಿ, ಮೈ ಮೂರನ್ನೂ ನೋಡಿಕೊಳ್ಳಿ

ಮಳೆಗಾಲದ ತೇವಕ್ಕೂ ಮಾರ್ಚಿನ ಒಣಗಾಳಿಗೂ ನೆಕ್‌ನ ಮರ ಬಾಗುತ್ತದೆ, ನೆಟ್ಟಗಾಗುತ್ತದೆ. ದಪ್ಪ ತಂತಿಯನ್ನು ಮೊದಲ ಫ್ರೆಟ್ ಮತ್ತು ಕೊನೆಯ ಫ್ರೆಟ್ ಎರಡರಲ್ಲೂ ಒತ್ತಿ ಹಿಡಿದು ಏಳನೇ ಫ್ರೆಟ್ ಹತ್ತಿರ ನೋಡಿ. ತಂತಿಗೂ ಫ್ರೆಟ್‌ಗೂ ನಡುವೆ ವಿಸಿಟಿಂಗ್ ಕಾರ್ಡ್ ಒಂದು ತೂರುವಷ್ಟು ಸಂದಿ ಇದ್ದರೆ ಸರಿ. ಇಲ್ಲವಾದರೆ ನೆಕ್‌ನೊಳಗಿನ ಟ್ರಸ್ ರಾಡ್ ತಿರುಗಿಸಬೇಕು, ಒಂದು ಸಲಕ್ಕೆ ಕಾಲು ಸುತ್ತಿಗಿಂತ ಹೆಚ್ಚು ಬೇಡ.

ಬೇಸ್ ಸುಮಾರು ನಾಲ್ಕು ಕಿಲೋ ತೂಗುತ್ತದೆ. ಅಗಲವಾದ ಪಟ್ಟಿ ಹಾಕಿಕೊಳ್ಳಿ, ಮಣಿಕಟ್ಟು ತೀರ ಬಾಗದಷ್ಟು ಎತ್ತರಕ್ಕೆ ಕಟ್ಟಿಕೊಳ್ಳಿ. ಮಣಿಕಟ್ಟು ನೋಯತೊಡಗಿದರೆ ಆ ದಿನ ನಿಲ್ಲಿಸಿ. ಹೊಸದಾಗಿ ಕೊಳ್ಳುವವರು ನಾಲ್ಕು ತಂತಿಯದನ್ನೇ ಕೊಳ್ಳಿ. ಐದು ತಂತಿ ಬೇಸ್‌ನ ಕೆಳಗಿನ ಬಿ ಸ್ವರ 31 ಹರ್ಟ್ಸ್‌ನದು, ನಮ್ಮ ಪೆಂಡಾಲುಗಳಲ್ಲಿ ಅದನ್ನು ಕೇಳಿಸುವ ಬಾಕ್ಸ್ ಸಿಗುವುದು ವಿರಳ.

11. ಹೆಸರು ಬಾರದಿದ್ದರೂ ಕೆಲಸ ಉಳಿಯುತ್ತದೆ

ಅಮೆರಿಕದ ಡೆಟ್ರಾಯಿಟ್‌ನಲ್ಲಿ ಮೋಟೌನ್ ಎಂಬ ಧ್ವನಿಮುದ್ರಣ ಸಂಸ್ಥೆಗೆ ಬೇಸ್ ನುಡಿಸಿದವರು ಜೇಮ್ಸ್ ಜೇಮರ್‌ಸನ್. 1960ರ ದಶಕದಲ್ಲಿ ಆ ಸಂಸ್ಥೆಯ ಲೆಕ್ಕವಿಲ್ಲದಷ್ಟು ಜನಪ್ರಿಯ ಹಾಡುಗಳ ತಳದಲ್ಲಿರುವುದು ಅವರ ಬಲಗೈಯ ಒಂದೇ ತೋರುಬೆರಳು. ಆ ಕಾಲದ ಮೋಟೌನ್ ತಟ್ಟೆಗಳ ಮೇಲೆ ವಾದ್ಯದವರ ಹೆಸರು ಹಾಕುತ್ತಿರಲಿಲ್ಲ. 1971ರಲ್ಲಿ ಮಾರ್ವಿನ್ ಗೇ ಅವರ ‘ವಾಟ್ಸ್ ಗೋಯಿಂಗ್ ಆನ್’ ಆಲ್ಬಮ್ ಬಂದಾಗ ಜೇಮರ್‌ಸನ್ ಹೆಸರು ಮೋಟೌನ್ ಹೊದಿಕೆಯ ಮೇಲೆ ಅಚ್ಚಾಯಿತು. 1983ರಲ್ಲಿ ಅವರು ತೀರಿಕೊಂಡರು. ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮ್ ಅವರನ್ನು ಸೇರಿಸಿಕೊಂಡದ್ದು 2000ದಲ್ಲಿ. ಇವತ್ತು ಜಗತ್ತಿನಾದ್ಯಂತ ಬೇಸ್ ಕಲಿಯುವವರು ಅವರ ನುಡಿಸಾಣಿಕೆಯನ್ನು ಸ್ವರ ಸ್ವರವಾಗಿ ಅಭ್ಯಾಸ ಮಾಡುತ್ತಾರೆ. ಮಾನ್ಯತೆ ತಡವಾಯಿತು, ಅದು ಅನ್ಯಾಯವೇ. ಕೆಲಸದ ಗುಣ ಮಾತ್ರ ಮಾನ್ಯತೆಗಾಗಿ ಕಾದು ನಿಂತಿರಲಿಲ್ಲ.

12. ಟ್ರ್ಯಾಕ್ ಹಾಕಿ ಹಾಡುವ ಕಾಲದಲ್ಲಿ ಜೊತೆಯಾಗಿ ನುಡಿಸಿ

ಈಗ ಬಡಾವಣೆಗಳ ಎಷ್ಟೋ ಕಾರ್ಯಕ್ರಮಗಳಲ್ಲಿ ಲ್ಯಾಪ್‌ಟಾಪಿನಿಂದ ಟ್ರ್ಯಾಕ್ ಹಾಕಿ ಗಾಯಕರಷ್ಟೇ ಹಾಡುತ್ತಾರೆ. ಖರ್ಚು ಕಡಿಮೆ, ತಾಪತ್ರಯವೂ ಕಡಿಮೆ. ಆದರೆ ಟ್ರ್ಯಾಕ್‌ಗೆ ಕಿವಿ ಇಲ್ಲ. ಗಾಯಕಿ ಉಸಿರು ತೆಗೆದುಕೊಳ್ಳಲು ಅರೆಕ್ಷಣ ತಡೆದರೆ ಅದು ಕಾಯುವುದಿಲ್ಲ. ಮಕ್ಕಳು ಎದ್ದು ಕುಣಿಯತೊಡಗಿದರೆ ಪಲ್ಲವಿಯನ್ನು ಇನ್ನೊಂದು ಸಲ ತಿರುಗಿಸುವುದಿಲ್ಲ. ಇಷ್ಟು ಹೊತ್ತು ಬರೆದ ಪಾಠಗಳೆಲ್ಲ ಪಕ್ಕದವರನ್ನು ಕೇಳುತ್ತ ನುಡಿಸುವ ಪಾಠಗಳೇ. ಟ್ರ್ಯಾಕ್ ಮುಂದೆ ಅವನ್ನು ಕಲಿಯಲಾಗದು, ಮನುಷ್ಯರ ಜೊತೆ ಕೂತೇ ಕಲಿಯಬೇಕು.

ನಿಮ್ಮ ಮನೆಯಲ್ಲಿ ಮೂಲೆ ಸೇರಿದ ಬೇಸ್ ಇದ್ದರೆ ಈ ವಾರವೇ ತಂತಿ ಬದಲಿಸಿ, ಹಾಡುವ ಗೆಳೆಯರೊಬ್ಬರನ್ನು, ತಬಲಾ ಅಥವಾ ಪ್ಯಾಡ್ ನುಡಿಸುವವರೊಬ್ಬರನ್ನು ಜೊತೆ ಮಾಡಿಕೊಳ್ಳಿ, ಮೂವರು ಸಾಕು. ಬಡಾವಣೆಯ ಸಂಘದವರಲ್ಲಿ ನನ್ನದೊಂದು ಮನವಿ: ಈ ಸಲದ ರಾಜ್ಯೋತ್ಸವಕ್ಕೆ ಪಟ್ಟಿ ಬರೆಯುವಾಗ ಕಡೇಪಕ್ಷ ನಾಲ್ಕು ಹಾಡುಗಳನ್ನು ಟ್ರ್ಯಾಕ್ ಇಲ್ಲದೆ ವಾದ್ಯದವರಿಗೆ ಬಿಟ್ಟುಕೊಡಿ. ನುಡಿಸಬಲ್ಲವರು ನಿಮ್ಮ ಬೀದಿಯಲ್ಲೇ ಇದ್ದಾರೆ, ಕರೆಯಿರಿ.